ಮೇಜಿನ ಆಚೆ ಕುಳಿತವರು ಯಾರು?



ಧರ್ಮಕೇಂದ್ರದ ಗುರುವಿನ ಮೇಜಿನ ಮೇಲೆ ಜಪಪುಸ್ತಕದ ಪಕ್ಕದಲ್ಲೇ ಒಂದು ರಬ್ಬರ್ ಸ್ಟ್ಯಾಂಪು ಇರುತ್ತದೆ. ಮಗುವನ್ನು ಶಾಲೆಗೆ ಸೇರಿಸಬೇಕು, ಮಗಳಿಗೆ ಹಾಸ್ಟೆಲು ಬೇಕು, ಮಗ ಗಲ್ಫಿಗೆ ಹೊರಟಿದ್ದಾನೆ ಎಂದು ಜನ ಬರುತ್ತಾರೆ. "ಒಂದು ನಡತೆ ಪತ್ರ ಕೊಡಿ ಫಾದರ್" ಎನ್ನುತ್ತಾರೆ. ನಾನೂ ಬರೆದು ಕೊಡುತ್ತೇನೆ. ಇವರು ನಮ್ಮ ಧರ್ಮಕೇಂದ್ರದವರು, ಒಳ್ಳೆಯ ಮನೆತನದವರು, ನನಗೆ ತಿಳಿದ ಮಟ್ಟಿಗೆ ಸದ್ಗುಣಿಗಳು ಎಂಬ ಅದೇ ಮೂರು ಮಾತು. ಇಷ್ಟು ವರ್ಷಗಳಲ್ಲಿ ನೂರಾರು ಪತ್ರ ಬರೆದಿರಬೇಕು. ಅವುಗಳಲ್ಲಿ ಒಂದಾದರೂ ಒಬ್ಬ ನಿರ್ದಿಷ್ಟ ಮನುಷ್ಯನ ಬಗ್ಗೆ ಏನನ್ನಾದರೂ ಹೇಳಿತೇ ಎಂಬ ಪ್ರಶ್ನೆ ಇತ್ತೀಚಿನವರೆಗೂ ನನ್ನನ್ನು ಕಾಡಿರಲಿಲ್ಲ.

ಕೆಲವು ತಿಂಗಳ ಹಿಂದೆ ಒಬ್ಬ ತಾಯಿ ತನ್ನ ಮಗನನ್ನು ಕರೆದುಕೊಂಡು ಬಂದರು. ಹುಡುಗ ಪೈಲಟ್ ತರಬೇತಿ ಮುಗಿಸಿ ಲೈಸೆನ್ಸ್ ಪಡೆದಿದ್ದಾನೆ. ದೊಡ್ಡ ವಿಮಾನ ಸಂಸ್ಥೆಯೊಂದು ಸಂದರ್ಶನಕ್ಕೆ ಕರೆದಿದೆ. ಈ ಹಂತಕ್ಕೆ ಬರಲು ಹತ್ತಾರು ಲಕ್ಷ ಖರ್ಚಾಗಿದೆ. ಇರುವ ಸ್ವಲ್ಪ ಕಾಫಿ ತೋಟ ಬ್ಯಾಂಕಿನಲ್ಲಿ ಅಡವಾಗಿದೆ. "ಅವರು ಕೇಳಿಲ್ಲ ಫಾದರ್, ಆದರೂ ಫೈಲಿನಲ್ಲಿ ನಿಮ್ಮದೊಂದು ಪತ್ರ ಇರಲಿ" ಎಂದರು ತಾಯಿ. ಮಾತೆಯ ಗವಿಯ ಬಳಿ ಮೊಂಬತ್ತಿ ಹಚ್ಚಿ ಬರುತ್ತೇನೆಂದು ಅವರು ಹೊರಗೆ ಹೋದ ಮೇಲೆ ಹುಡುಗ ಕುರ್ಚಿಯಲ್ಲಿ ಮುಂದಕ್ಕೆ ಸರಿದು ಕುಳಿತ.

"ಫಾದರ್, ಒಂದು ಮಾತು ಕೇಳಲಾ?"

ಅವನು ಕೇಳಿದ್ದು ಪಾಪನಿವೇದನೆಯಲ್ಲಿ ಅಲ್ಲ, ಕಚೇರಿಯಲ್ಲಿ. ಇದನ್ನು ಬರೆಯಲು ಅವನ ಒಪ್ಪಿಗೆಯನ್ನೂ ಪಡೆದಿದ್ದೇನೆ. ಸಂಸ್ಥೆಯ ಅರ್ಜಿಯಲ್ಲಿ ಒಂದು ಕಲಂ ಇತ್ತು: ತರಬೇತಿಯಲ್ಲಿ ಯಾವುದಾದರೂ ಪರೀಕ್ಷೆಯಲ್ಲಿ ಅನುತ್ತೀರ್ಣರಾಗಿದ್ದೀರಾ? ಹೌದಾದರೆ ವಿವರ ಕೊಡಿ. ಇವನು ಇನ್‌ಸ್ಟ್ರುಮೆಂಟ್ ರೇಟಿಂಗ್ ಪರೀಕ್ಷೆಯಲ್ಲಿ ಮೊದಲ ಸಲ ಫೇಲಾಗಿದ್ದ. ಮೋಡದೊಳಗೆ ಹೊರಗೇನೂ ಕಾಣದಿರುವಾಗ ಎದುರಿನ ಮಾಪಕಗಳನ್ನಷ್ಟೇ ನಂಬಿ ವಿಮಾನ ಹಾರಿಸುವ ಅರ್ಹತೆಯ ಪರೀಕ್ಷೆ ಅದು. ಎರಡನೆಯ ಸಲ ಪಾಸಾಗಿದ್ದ. ಜೊತೆಯ ಹುಡುಗರು, "ಇಲ್ಲ ಅಂತ ಬರಿ ಮಾರಾಯ, ಯಾರು ನೋಡ್ತಾರೆ?" ಎಂದಿದ್ದರು. ಸಂದರ್ಶನಕ್ಕೆ ತಯಾರಿ ಕೊಡುವ ಕೋಚಿಂಗಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 'ನೀವು ಮಾಡಿದ ಒಂದು ತಪ್ಪನ್ನು ಹೇಳಿ' ಎಂಬ ಪ್ರಶ್ನೆಗೆ ಸಿದ್ಧ ಕಥೆಯೊಂದನ್ನು ಬಾಯಿಪಾಠ ಮಾಡಿಸಿದ್ದರು. ಕೇಳಿದರೆ ತಪ್ಪಿನಂತೆ ಕಾಣಬೇಕು, ಆದರೆ ಹೇಳಿದವನಿಗೆ ಹೆಮ್ಮೆ ತರಬೇಕು. ಅಂಥ ಕಥೆ.

"ಆ ಕಲಮಿನಲ್ಲಿ 'ಇಲ್ಲ' ಅಂತ ಬರೆದರೆ ಪಾಪವೇ ಫಾದರ್?"

ನನ್ನ ಬಳಿ ಉತ್ತರವಿತ್ತು. ಎಂಟನೆಯ ಆಜ್ಞೆಯನ್ನು ಹೇಳಿ ಕಳುಹಿಸಬಹುದಿತ್ತು. ಆದರೆ ಅಡವಿಟ್ಟ ತೋಟ, ಗವಿಯ ಮುಂದೆ ಉರಿಯುತ್ತಿರುವ ಮೊಂಬತ್ತಿ ಇವುಗಳ ಎದುರು ಒಂದು ವಾಕ್ಯದ ಉತ್ತರ ಸಾಲದೆನಿಸಿತು. "ನಾಳೆ ಬಾ" ಎಂದೆ. ಆ ರಾತ್ರಿ ಯೋಚಿಸಿದ್ದನ್ನೂ ಮರುದಿನ ಮಾತಾಡಿದ್ದನ್ನೂ, ಆಮೇಲೆ ಓದಿ ತಿಳಿದುಕೊಂಡದ್ದನ್ನೂ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಸಂದರ್ಶನದಲ್ಲಿ ಏನನ್ನು ನೋಡುತ್ತಾರೆ?

ನಮ್ಮ ದೇಶದಲ್ಲಿ ವಾಣಿಜ್ಯ ಪೈಲಟ್ ಲೈಸೆನ್ಸಿಗೆ ಕನಿಷ್ಠ 200 ಗಂಟೆ ಹಾರಾಟ ನಡೆಸಿರಬೇಕು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಪರೀಕ್ಷೆಗಳನ್ನೂ ಪ್ರಥಮ ದರ್ಜೆಯ ವೈದ್ಯಕೀಯ ತಪಾಸಣೆಯನ್ನೂ ದಾಟಿರಬೇಕು. ಆದರೆ ಲೈಸೆನ್ಸ್ ಸಿಕ್ಕಿತೆಂದರೆ ಕೆಲಸ ಸಿಕ್ಕಿತೆಂದಲ್ಲ. ದೊಡ್ಡ ಸಂಸ್ಥೆಗಳಲ್ಲಿ ಲಿಖಿತ ಪರೀಕ್ಷೆ, ಕಂಪ್ಯೂಟರಿನ ಮುಂದೆ ಕೈ-ಕಣ್ಣುಗಳ ಹೊಂದಾಣಿಕೆಯ ಪರೀಕ್ಷೆ, ಮನೋವೈಜ್ಞಾನಿಕ ಪರೀಕ್ಷೆ, ಗುಂಪಿನಲ್ಲಿ ಕೂರಿಸಿ ಒಂದು ಸಮಸ್ಯೆ ಬಿಡಿಸಲು ಹೇಳುವುದು, ಸಿಮ್ಯುಲೇಟರಿನಲ್ಲಿ ಹಾರಿಸಿ ನೋಡುವುದು, ಹೀಗೆ ಒಂದೊಂದೇ ಜರಡಿ. ಕೊನೆಗೆ ಹಿರಿಯ ಕ್ಯಾಪ್ಟನ್ ಮತ್ತು ಸಿಬ್ಬಂದಿ ವಿಭಾಗದ ಅಧಿಕಾರಿಗಳ ಎದುರು ಸಂದರ್ಶನ.

ಅಲ್ಲಿ ಕೇಳುವ ಪ್ರಶ್ನೆಗಳು ಮೇಲ್ನೋಟಕ್ಕೆ ಸುಲಭ. ನಿಮಗೆ ಕಷ್ಟವಾದ ಒಂದು ಸಂದರ್ಭ ಹೇಳಿ. ನಿಮ್ಮ ಮೇಲಿನವರೊಂದಿಗೆ ಭಿನ್ನಾಭಿಪ್ರಾಯ ಬಂದದ್ದುಂಟೇ? ಕ್ಯಾಪ್ಟನ್ ನಿಯಮ ಮೀರುತ್ತಿದ್ದರೆ ಏನು ಮಾಡುತ್ತೀರಿ? ಹಾರಿಸುವ ಕೈಚಳಕವನ್ನು ಸಿಮ್ಯುಲೇಟರಿನಲ್ಲೇ ನೋಡಿಯಾಗಿದೆ. ಇಲ್ಲಿ ನೋಡುವುದು, ತನಗೆ ನಷ್ಟವಾಗುವ ಮಾತನ್ನೂ ಈ ಮನುಷ್ಯ ಸಕಾಲದಲ್ಲಿ ಹೇಳಬಲ್ಲನೇ ಎಂಬುದನ್ನು.

ಇದು ಏಕೆ ಮುಖ್ಯವೆಂದು ಲೋಕ ದುಬಾರಿ ಬೆಲೆ ತೆತ್ತು ಕಲಿತಿದೆ. 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರಿಫ್ ದ್ವೀಪದಲ್ಲಿ ಎರಡು ಜಂಬೋ ವಿಮಾನಗಳು ಓಡುದಾರಿಯಲ್ಲೇ ಡಿಕ್ಕಿಯಾಗಿ 583 ಮಂದಿ ಸತ್ತರು. ಮಂಜಿನಲ್ಲಿ ಮೇಲೇರಲು ಹೊರಟ ಕ್ಯಾಪ್ಟನ್ನನ್ನು, ಎದುರಿನ ವಿಮಾನ ದಾರಿ ಬಿಟ್ಟಿದೆಯೇ ಎಂದು ಹಿಂದೆ ಕುಳಿತ ಫ್ಲೈಟ್ ಎಂಜಿನಿಯರ್ ಕೇಳಿದ್ದ. ಹಿರಿಯರು ಹೌದೆಂದರು, ಕಿರಿಯ ಸುಮ್ಮನಾದ. ಇಂಥ ಅಪಘಾತಗಳ ನಂತರ 1979ರಲ್ಲಿ ಅಮೆರಿಕದ ನಾಸಾ ಸಂಸ್ಥೆ ಒಂದು ವಿಚಾರಗೋಷ್ಠಿ ಕರೆಯಿತು. ಕಾಕ್‌ಪಿಟ್ಟಿನಲ್ಲಿ ಕಿರಿಯರು ಮಾತಾಡುವುದನ್ನೂ ಹಿರಿಯರು ಕೇಳಿಸಿಕೊಳ್ಳುವುದನ್ನೂ ಪಾಠವಾಗಿ ಕಲಿಸುವ ಪದ್ಧತಿ ಅಲ್ಲಿಂದ ಬೆಳೆಯಿತು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. 2010ರ ಮೇ 22ರ ಬೆಳಗನ್ನು ನಮ್ಮ ಕರಾವಳಿ, ಮಲೆನಾಡಿನ ಎಷ್ಟೋ ಕುಟುಂಬಗಳು ಇನ್ನೂ ಮರೆತಿಲ್ಲ. ದುಬೈಯಿಂದ ಮಂಗಳೂರಿಗೆ ಬಂದ ವಿಮಾನ ಬಜ್ಪೆಯ ಓಡುದಾರಿಯನ್ನು ದಾಟಿ ಕಣಿವೆಗೆ ಬಿತ್ತು. ಇದ್ದ 166 ಜನರಲ್ಲಿ 158 ಜನ ತೀರಿಕೊಂಡರು, ಎಂಟು ಜನ ಉಳಿದರು. ವಿಮಾನ ಇಳಿಯುವ ಎತ್ತರವೂ ವೇಗವೂ ಸರಿಯಿಲ್ಲದಿದ್ದರೆ ಇಳಿಸದೆ ಮತ್ತೆ ಮೇಲೇರಿ ಸುತ್ತುಹಾಕಿ ಬರಬೇಕೆಂಬುದು ನಿಯಮ. ಹಾಗೆ ಮಾಡೋಣವೆಂದು ಸಹ ಪೈಲಟ್ ಮೂರು ಸಲ ಹೇಳಿದರೂ ಕ್ಯಾಪ್ಟನ್ ಇಳಿಸಲು ಮುಂದಾದರೆಂದು ವಿಚಾರಣಾ ನ್ಯಾಯಾಲಯ ಕಂಡುಕೊಂಡಿತು. ಸತ್ತವರನ್ನು ದೂರಲು ಇದನ್ನು ನೆನಪಿಸುತ್ತಿಲ್ಲ. 'ನಾನು ತಪ್ಪಿದೆ, ಮತ್ತೊಮ್ಮೆ ಪ್ರಯತ್ನಿಸುತ್ತೇನೆ' ಎಂದು ಒಪ್ಪಿಕೊಳ್ಳುವುದಕ್ಕೆ ವಿಮಾನದಲ್ಲಿ ಒಂದು ಹೆಸರೇ ಇದೆ, ಒಂದು ವಿಧಾನವೇ ಇದೆ. ಅದನ್ನು ಬಳಸುವ ಮನಸ್ಸಿದೆಯೇ ಎಂಬುದನ್ನು ಸಂದರ್ಶನದ ಕೋಣೆಯಲ್ಲಿ ಹುಡುಕುತ್ತಾರೆ.

ಹಾಗಿರುವಾಗ ಬಾಯಿಪಾಠದ ಕಥೆ ಹೇಳಿ ಪಾಸಾದವನು ಯಾವುದರಲ್ಲಿ ಪಾಸಾದಂತಾಯಿತು?

ಹೇಳದಿರುವುದೂ ಸುಳ್ಳೇ?

ಸೆಮಿನರಿಯಲ್ಲಿ ನಮಗೆ ಈ ವಿಷಯವನ್ನು ಪಾಠ ಮಾಡಿದ್ದರು. ಸಂತ ಅಗಸ್ಟೀನರು ಸುಳ್ಳಿನ ಬಗ್ಗೆಯೇ ಎರಡು ಕೃತಿ ಬರೆದವರು. ಒಳ್ಳೆಯ ಉದ್ದೇಶಕ್ಕಾಗಿ ಹೇಳಿದರೂ ಸುಳ್ಳು ಸುಳ್ಳೇ ಎಂಬುದು ಅವರ ಕಟ್ಟುನಿಟ್ಟಾದ ನಿಲುವು. ಸಂತ ಥಾಮಸ್ ಅಕ್ವಿನಾಸರೂ ಅದನ್ನು ಒಪ್ಪುತ್ತಾರೆ. ಆದರೆ ವಿವೇಕದಿಂದ ಸತ್ಯವನ್ನು ಮರೆಯಲ್ಲಿಡುವುದು ಬೇರೆ, ಸುಳ್ಳಾಡುವುದು ಬೇರೆ ಎಂಬ ಗೆರೆಯನ್ನೂ ಎಳೆಯುತ್ತಾರೆ. 1992ರ ನಮ್ಮ ಧರ್ಮೋಪದೇಶ ಗ್ರಂಥವೂ ಇದನ್ನೇ ಹೇಳುತ್ತದೆ. ತಿಳಿಯುವ ಹಕ್ಕಿಲ್ಲದವನಿಗೆ ಸತ್ಯವನ್ನು ಬಿಚ್ಚಿಡಬೇಕಾದ ಹಂಗು ಯಾರಿಗೂ ಇಲ್ಲ.

ಈ ಗೆರೆ ನಮಗೆ ಬೇಕು. ಪೈಲಟ್ ಹುದ್ದೆಗೆ ಬಂದ ಒಬ್ಬ ಹೆಣ್ಣುಮಗಳನ್ನು, ಮದುವೆ ಯಾವಾಗ, ಮಕ್ಕಳು ಯಾವಾಗ ಎಂದು ಯಾರಾದರೂ ಕೇಳಿದರೆ ಅವಳು ಉತ್ತರಿಸಬೇಕೇ? ಅಪ್ಪನ ಸಾಲ ಎಷ್ಟು ಎಂದು ಕೇಳಿದರೆ ನಮ್ಮ ಹುಡುಗ ಹೇಳಬೇಕೇ? ಬೇಡ. ಅದು ಕೇಳುವವರ ಸೊತ್ತಲ್ಲ. ನಯವಾಗಿ, 'ಕೆಲಸಕ್ಕೂ ಇದಕ್ಕೂ ಸಂಬಂಧವಿಲ್ಲ ಸರ್' ಎನ್ನುವುದು ಸತ್ಯಕ್ಕೆ ದ್ರೋಹವಲ್ಲ.

ಆದರೆ ಈ ಗೆರೆಯನ್ನು ತಮಗೆ ಬೇಕಾದಂತೆ ಜಗ್ಗುವವರು ಎಲ್ಲ ಕಾಲದಲ್ಲೂ ಇದ್ದರು. ಬಾಯಲ್ಲಿ 'ಇಲ್ಲ' ಎಂದು ಹೇಳಿ, ಮನಸ್ಸಿನೊಳಗೆ 'ಈ ವರ್ಷ ಇಲ್ಲ' ಎಂದು ಸೇರಿಸಿಕೊಂಡರೆ ಅದು ಸುಳ್ಳಾಗುವುದಿಲ್ಲವೆಂದು ವಾದಿಸಿದ ಪಂಡಿತರೂ ಇದ್ದರು. 1679ರಲ್ಲಿ ಪೋಪ್ ಹನ್ನೊಂದನೇ ಇನ್ನೊಸೆಂಟರು ಅಂಥ ವಾದಗಳನ್ನು ಖಂಡಿಸಿದರು. ಕೇಳುವವನಿಗೆ ತಿಳಿಯಲು ದಾರಿಯೇ ಇಲ್ಲದಂತೆ ಮನಸ್ಸಿನಲ್ಲಿ ಬಚ್ಚಿಟ್ಟ ಅರ್ಧ ವಾಕ್ಯದಿಂದ ಮಾತು ನಿಜವಾಗುವುದಿಲ್ಲ. 'ಕೊನೆಗೆ ಪಾಸಾದೆನಲ್ಲ, ಹಾಗಾಗಿ ಫೇಲಾಗಿಲ್ಲ ಅಂತ ಬರೆಯಬಹುದು' ಎಂಬ ನಮ್ಮ ಹುಡುಗನ ಗೆಳೆಯರ ವಾದ ಹೊಸದೇನೂ ಅಲ್ಲ.

ಆದ್ದರಿಂದ ನಿಜವಾದ ಪ್ರಶ್ನೆ 'ಹೇಳಬೇಕೇ, ಬೇಡವೇ' ಎಂಬುದಲ್ಲ. 'ಈ ಸತ್ಯ ಯಾರಿಗೆ ಸೇರಿದ್ದು?' ಎಂಬುದು.

ಬಾಗಿಲ ಹಿಂದೆ ಕುಳಿತವರು

ಹುಡುಗ ಮರುದಿನ ಬಂದಾಗ ನಾನು ಅವನನ್ನೇ ಕೇಳಿದೆ: "ಆ ಮೇಜಿನ ಆಚೆ ಯಾರು ಕುಳಿತಿರುತ್ತಾರೆ?"

"ಕ್ಯಾಪ್ಟನ್ ಒಬ್ಬರು, ಎಚ್.ಆರ್. ಒಬ್ಬರು."

"ಅವರು ಯಾರ ಪರವಾಗಿ ಕೇಳುತ್ತಾರೆ?"

"ಕಂಪನಿಯ ಪರವಾಗಿ."

ಅಲ್ಲೇ ನಾವು ಎಡವುವುದು. ಕೇಳುವುದು ಬರೀ ಕಂಪನಿ ಎಂದುಕೊಂಡರೆ, ಲಾಭ ನೋಡುವ ದೊಡ್ಡ ಸಂಸ್ಥೆಗೆ ಬಡವನ ಮಗ ಒಂದು ಸಣ್ಣ ವಿಷಯ ಮುಚ್ಚಿಟ್ಟರೆ ಏನು ಮಹಾ ಎನಿಸುತ್ತದೆ. ಆದರೆ ವಿಮಾನ ಹತ್ತುವ ನಮ್ಮ ಅಜ್ಜಿಯನ್ನು ನೆನೆಸಿಕೊಳ್ಳಿ. ಬಸ್ಸಿನಲ್ಲಾದರೆ ಡ್ರೈವರನ ಮುಖ ಕಾಣುತ್ತದೆ. ಅವನು ತೂಕಡಿಸಿದರೆ ಕೂಗಬಹುದು, ಇಳಿದುಬಿಡಬಹುದು. ವಿಮಾನದಲ್ಲಿ ಮುಂದಿನ ಬಾಗಿಲು ಮುಚ್ಚಿರುತ್ತದೆ. ಒಳಗಿರುವವನು ಯಾರು, ಏನು ಕಲಿತವನು, ರಾತ್ರಿ ನಿದ್ರೆ ಮಾಡಿದನೇ ಎಂದು ಕೇಳುವ ಅವಕಾಶವೇ ಅವಳಿಗಿಲ್ಲ. ಅವಳ ಪರವಾಗಿ ಯಾರೋ ಒಬ್ಬರು, ಯಾವುದೋ ಕೋಣೆಯಲ್ಲಿ, ಒಂದು ದಿನ ಕೇಳಿರಬೇಕು. ಆ ಕೋಣೆಯೇ ಸಂದರ್ಶನದ ಕೋಣೆ. ಮೇಜಿನ ಆಚೆ ಕುಳಿತವರು ಇಬ್ಬರಲ್ಲ; ಮುಂದೆ ಅವನ ಹಿಂದೆ ಕೂರಲಿರುವ ಸಾವಿರಾರು ಜನ. ಎಂಟನೆಯ ಆಜ್ಞೆ ನೆರೆಯವನ ವಿರುದ್ಧ ಸುಳ್ಳು ಸಾಕ್ಷಿಯನ್ನು ನಿಷೇಧಿಸುತ್ತದೆ. ಇಲ್ಲಿ ನೆರೆಯವರೆಂದರೆ ಅವರೇ.

ಇದು ಬರೀ ಬೋಧನೆಯ ಮಾತಲ್ಲ. 2019ರ ಫೆಬ್ರವರಿ 23ರಂದು ಅಮೆರಿಕದ ಮಯಾಮಿಯಿಂದ ಹ್ಯೂಸ್ಟನ್ನಿಗೆ ಸರಕು ಹೊತ್ತು ಹೊರಟಿದ್ದ ಅಟ್ಲಾಸ್ ಏರ್ ಸಂಸ್ಥೆಯ ಬೋಯಿಂಗ್ 767 ವಿಮಾನ ಟೆಕ್ಸಾಸಿನ ಟ್ರಿನಿಟಿ ಕೊಲ್ಲಿಗೆ ಬಿದ್ದು ಒಳಗಿದ್ದ ಮೂವರೂ ಸತ್ತರು. ಇಳಿಯುವ ಹಾದಿಯಲ್ಲಿ ಅಕಸ್ಮಾತ್ತಾಗಿ ಒಂದು ಸ್ವಿಚ್ಚು ಒತ್ತಿ ಎಂಜಿನ್ನುಗಳು ಜೋರಾದವು. ಮೋಡದಲ್ಲಿದ್ದ ಸಹ ಪೈಲಟ್ಟಿನ ದೇಹಕ್ಕೆ ವಿಮಾನದ ಮೂತಿ ಮೇಲೇರುತ್ತಿದೆ ಎಂಬ ಭ್ರಮೆಯಾಯಿತು. ಮಾಪಕವನ್ನು ನಂಬದೆ ಭ್ರಮೆಯನ್ನು ನಂಬಿ ಅವನು ಮೂತಿಯನ್ನು ಕೆಳಕ್ಕೆ ಒತ್ತಿದ. ತನಿಖೆಯಲ್ಲಿ ಹೊರಬಂದ ಇನ್ನೊಂದು ಸಂಗತಿ ಹೆಚ್ಚು ದುಃಖದ್ದು. ಹಿಂದಿನ ಸಂಸ್ಥೆಗಳ ತರಬೇತಿಯಲ್ಲಿ ಅವನು ಪದೇಪದೇ ಅನುತ್ತೀರ್ಣನಾಗಿದ್ದ. ಒತ್ತಡ ಬಂದಾಗ ಯೋಚಿಸದೆ ಗುಂಡಿ ಒತ್ತುವ ಸ್ವಭಾವವನ್ನು ಶಿಕ್ಷಕರು ಗಮನಿಸಿದ್ದರು. ಕೆಲಸಕ್ಕೆ ಅರ್ಜಿ ಹಾಕುವಾಗ ಆ ಇತಿಹಾಸವನ್ನು ಅವನು ಮರೆಮಾಚಿದ್ದ. ಬರೆದಿದ್ದರೆ ಕೆಲಸ ಸಿಗುತ್ತಿರಲಿಲ್ಲವೋ ಏನೋ. ಅಥವಾ ಆ ದೌರ್ಬಲ್ಯವನ್ನೇ ಹಿಡಿದು ಇನ್ನಷ್ಟು ತರಬೇತಿ ಸಿಗುತ್ತಿತ್ತೋ ಏನೋ. ಎರಡರಲ್ಲಿ ಯಾವುದಾಗಿದ್ದರೂ ಅವನೂ ಬದುಕಿರುತ್ತಿದ್ದನೇನೋ.

ನಮ್ಮ ದೇಶದಲ್ಲೂ 2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಲೈಸೆನ್ಸ್ ಪಡೆದಿದ್ದ ಕೆಲವು ಪೈಲಟ್ಟುಗಳು ಸಿಕ್ಕಿಬಿದ್ದು ಬಂಧನಕ್ಕೊಳಗಾದರು. ಅವರಲ್ಲಿ ಯಾರೂ ಜನರನ್ನು ಕೊಲ್ಲಬೇಕೆಂದು ಹೊರಟವರಲ್ಲ. ಮನೆಗೆ ಆಸರೆಯಾಗಬೇಕೆಂದೇ ಹೊರಟಿರಬಹುದು.

ಪುಣ್ಯಕೋಟಿಯ ಕಥೆ ಕೇಳಿ ಬೆಳೆದವರು ನಾವು. ಅವಳಿಗೂ ಮನೆಯಲ್ಲಿ ಕರುವಿತ್ತು. ದೊಡ್ಡಿಯಲ್ಲೇ ಉಳಿದುಬಿಟ್ಟಿದ್ದರೆ ಕೇಳುವವರು ಯಾರೂ ಇರಲಿಲ್ಲ. ಆದರೂ ಕೊಟ್ಟ ಮಾತಿಗಾಗಿ ಹುಲಿಯ ಮುಂದೆ ಹೋಗಿ ನಿಂತಳು. ಸತ್ಯದ ಬೆಲೆಯನ್ನು ಅವಳು ತನ್ನ ಜೀವದಿಂದಲೇ ಕೊಡಲು ಹೊರಟಳು. ಸುಳ್ಳಿನ ರೀತಿಯೇ ಬೇರೆ. ಅದರ ಬೆಲೆಯನ್ನು ಬಹಳ ಸಲ ಹೇಳಿದವನಲ್ಲ, ಬೇರೆ ಯಾರೋ ಕೊಡಬೇಕಾಗುತ್ತದೆ.

ಕ್ಷಮೆ ಬೇರೆ, ಅರ್ಹತೆ ಬೇರೆ

ಇಷ್ಟು ಹೇಳಿದ ಮೇಲೆ ಹುಡುಗ ಒಂದು ಮಾತು ಕೇಳಿದ. "ಫಾದರ್, ನೀವು ನಿಜ ಹೇಳು ಅಂತೀರಿ. ನಿಜ ಹೇಳಿದವನನ್ನು ಅವರು ಹೊರಗೆ ಹಾಕಿದರೆ?"

ನ್ಯಾಯವಾದ ಪ್ರಶ್ನೆ. ಇದಕ್ಕೆ ಸಿಹಿ ಲೇಪಿಸಿದ ಉತ್ತರ ಕೊಡಬಾರದು. ನಿಜ ಹೇಳಿದವನಿಗೆ ದೇವರು ಖಂಡಿತ ಕೆಲಸ ಕೊಡುತ್ತಾನೆ ಎಂದು ನಾನು ಹೇಳಲಾರೆ. ಶಿಲುಬೆಯನ್ನು ಗೋಡೆಗೆ ತೂಗುಹಾಕಿಕೊಂಡವನು ಹಾಗೆ ಹೇಳಬಾರದು.

ಆದರೆ ಎರಡು ಸಂಗತಿಗಳನ್ನು ಬೇರ್ಪಡಿಸಬೇಕು. ಪಾಪನಿವೇದನೆಯ ಪೀಠದಲ್ಲಿ ಪಶ್ಚಾತ್ತಾಪಪಟ್ಟವನಿಗೆ ಕ್ಷಮೆ ಸಿಗುತ್ತದೆ, ಅವನ ಮಾತು ಅಲ್ಲಿಂದಾಚೆ ಹೋಗುವುದಿಲ್ಲ. ಸಂದರ್ಶನದ ಕೋಣೆ ಪಾಪನಿವೇದನೆಯ ಪೀಠವಲ್ಲ. ದೇವರು ಕ್ಷಮಿಸಿದ ಮಾತ್ರಕ್ಕೆ ಕಣ್ಣಿನ ದೋಷ ಹೋಗುವುದಿಲ್ಲ, ಕೈ ನಡುಗುವುದು ನಿಲ್ಲುವುದಿಲ್ಲ. ಒಬ್ಬನು ದೇವರ ಮುಂದೆ ನೀತಿವಂತನಾಗಿಯೂ ವಿಮಾನ ಹಾರಿಸಲು ಅನರ್ಹನಾಗಿರಬಹುದು. ಅದರಲ್ಲಿ ಅವಮಾನವೇನೂ ಇಲ್ಲ. ಅನುತ್ತೀರ್ಣನಾದದ್ದನ್ನು ಪಾಪವೆಂಬಂತೆ ಬಚ್ಚಿಡುವುದು ಎಷ್ಟು ತಪ್ಪೋ, ಬಚ್ಚಿಟ್ಟದ್ದನ್ನು 'ಪಾಪವಲ್ಲ ಬಿಡಿ' ಎಂದು ತಳ್ಳಿಹಾಕುವುದೂ ಅಷ್ಟೇ ತಪ್ಪು.

ಕೇಳುವವರ ಹೊಣೆಯೂ ಇದೆ. 2015ರ ಮಾರ್ಚ್ 24ರಂದು ಬಾರ್ಸಿಲೋನಾದಿಂದ ಡುಸೆಲ್‌ಡಾರ್ಫಿಗೆ ಹೊರಟ ಜರ್ಮನ್‌ವಿಂಗ್ಸ್ ವಿಮಾನವನ್ನು ಅದರ ಸಹ ಪೈಲಟ್ಟೇ ಆಲ್ಪ್ಸ್ ಪರ್ವತಕ್ಕೆ ಅಪ್ಪಳಿಸಿದ. 150 ಜನ ಸತ್ತರು. ತೀವ್ರ ಮಾನಸಿಕ ರೋಗದಿಂದ ನರಳುತ್ತಿದ್ದ ಅವನು, ಕೆಲಸಕ್ಕೆ ಅನರ್ಹನೆಂದು ವೈದ್ಯರು ಬರೆದುಕೊಟ್ಟ ಚೀಟಿಯನ್ನು ಸಂಸ್ಥೆಗೆ ತೋರಿಸಿರಲಿಲ್ಲ. ತನಿಖೆ ಮಾಡಿದ ಫ್ರಾನ್ಸಿನ ಅಧಿಕಾರಿಗಳು ಅವನ ರೋಗವನ್ನಷ್ಟೇ ಹೇಳಿ ನಿಲ್ಲಿಸಲಿಲ್ಲ. ಹೇಳಿಕೊಂಡರೆ ಹಾರಾಟವೂ ಹೋಗುತ್ತದೆ, ಸಂಪಾದನೆಯೂ ಹೋಗುತ್ತದೆ ಎಂಬ ಭಯ ಪೈಲಟ್ಟುಗಳ ಬಾಯಿ ಕಟ್ಟುತ್ತದೆಂಬುದನ್ನೂ ಗುರುತಿಸಿದರು. 2018ರಲ್ಲಿ ಯುರೋಪಿನ ನಿಯಮವೇ ಬದಲಾಯಿತು: ಕೆಲಸಕ್ಕೆ ಸೇರಿಸಿಕೊಳ್ಳುವ ಮೊದಲು ಮನೋವೈಜ್ಞಾನಿಕ ಪರೀಕ್ಷೆ, ಸೇರಿದ ಮೇಲೆ ಕಷ್ಟ ಹೇಳಿಕೊಳ್ಳಲು ನೆರವಿನ ವ್ಯವಸ್ಥೆ. ಅಮೆರಿಕದಲ್ಲಿ 1976ರಿಂದಲೇ ಪೈಲಟ್ಟುಗಳು ತಮ್ಮ ತಪ್ಪನ್ನು ತಾವೇ ನಾಸಾಕ್ಕೆ ಬರೆದು ತಿಳಿಸುವ ಏರ್ಪಾಡಿದೆ. ಬರೆದವರ ಹೆಸರು ಅಳಿಸಿ ಪಾಠವನ್ನು ಮಾತ್ರ ಎಲ್ಲರಿಗೂ ಹಂಚುತ್ತಾರೆ. ಬೇಕೆಂದು ಮಾಡಿದ ತಪ್ಪಲ್ಲದಿದ್ದರೆ, ಹಾಗೆ ತಿಳಿಸಿದವರಿಗೆ ದಂಡದಿಂದ ರಿಯಾಯಿತಿಯೂ ಉಂಟು.

ನಿಜ ಹೇಳಿದವನನ್ನು ಮಾತ್ರ ಶಿಕ್ಷಿಸುವ ಮೇಜು ತಾನೇ ಸುಳ್ಳುಗಾರರನ್ನು ಹುಟ್ಟಿಸುತ್ತದೆ. ದೊಡ್ಡ ಹುದ್ದೆಗಳಲ್ಲಿದ್ದು ಬೇರೆಯವರನ್ನು ಸಂದರ್ಶಿಸುವ ನಮ್ಮ ಓದುಗರು ಇದನ್ನು ನೆನಪಿಡಬೇಕು. 'ನಿನ್ನ ತಪ್ಪನ್ನು ಹೇಳು' ಎಂದು ಕೇಳುವ ಹಕ್ಕು, ಹೇಳಿದ ತಪ್ಪನ್ನು ನ್ಯಾಯವಾಗಿ ತೂಗುವವರಿಗೆ ಮಾತ್ರ ಇದೆ.

ಮೊದಲ ಸಂದರ್ಶನ ಮನೆಯಲ್ಲಿ

ಮಾತು ಮುಗಿಯಿತೆಂದುಕೊಂಡಾಗ ನನಗೇ ಹೊಳೆಯಿತು. "ನೀನು ಫೇಲಾದದ್ದು ಅಪ್ಪನಿಗೆ ಗೊತ್ತಾ?"

ಹುಡುಗ ತಲೆ ತಗ್ಗಿಸಿದ. "ಇಲ್ಲ ಫಾದರ್. ಮತ್ತೆ ಪರೀಕ್ಷೆಗೆ ಕೂರಲು ದುಡ್ಡು ಬೇಕಿತ್ತು. ಫೀಸು ಜಾಸ್ತಿ ಮಾಡಿದ್ದಾರೆ ಅಂತ ಹೇಳಿ ತರಿಸಿಕೊಂಡೆ."

ನಿಜವಾದ ಗಂಟು ಇದ್ದದ್ದು ಅಲ್ಲಿ. ಅರ್ಜಿಯ ಕಲಂ ಅವನ ಎರಡನೆಯ ಪರೀಕ್ಷೆಯಾಗಿತ್ತು. ಮೊದಲನೆಯದು ಫೋನಿನಲ್ಲಿ, ಅಪ್ಪನ ಜೊತೆ, ಎಂದೋ ಆಗಿಹೋಗಿತ್ತು. 'ಎಲ್ಲ ಚೆನ್ನಾಗಿ ನಡೀತಿದೆಯಾ ಮಗಾ?' ಎಂದು ಅಪ್ಪ ಕೇಳಿದಾಗ ಮಗನಿಗೆ ಬೇರೆ ಉತ್ತರ ಕೊಡುವ ಧೈರ್ಯ ಬರಲಿಲ್ಲ. ಅಪ್ಪ ಗದರುತ್ತಾರೆಂದಲ್ಲ, ಅಷ್ಟು ದೊಡ್ಡ ಸಾಲ ಹೊತ್ತವರಿಗೆ ನೋವಾಗುತ್ತದೆಂದು.

ನಮ್ಮ ಎಷ್ಟು ಮನೆಗಳಲ್ಲಿ ಹೀಗಾಗುತ್ತಿಲ್ಲ? ಅಂಕಪಟ್ಟಿ ಬಂದ ದಿನ ಮಗು ಮೊದಲು ನಮ್ಮ ಮುಖ ನೋಡುತ್ತದೆ. ಆ ಮುಖದಲ್ಲಿ ಕಂಡದ್ದನ್ನೇ ಅದು ಮುಂದೆ ಎಲ್ಲ ಮೇಜುಗಳ ಆಚೆಯೂ ಕಾಣುತ್ತದೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆಯನ್ನು ನಗುತ್ತಾ ಹೇಳುವವರು ನಾವು. ಮದುವೆಗೆ ಮುಂಚೆ ವಧೂವರರನ್ನು ಪ್ರತ್ಯೇಕವಾಗಿ ಕೂರಿಸಿ ವಿಚಾರಿಸುವುದು ನನ್ನ ಕೆಲಸ. ಅದೂ ಒಂದು ಸಂದರ್ಶನವೇ. ಒಪ್ಪಿಗೆ ಪಡೆಯಲೆಂದೇ ದಾಂಪತ್ಯವನ್ನು ಗಂಭೀರವಾಗಿ ಕೆಡಿಸುವಂಥ ವಿಷಯವನ್ನು ಮೋಸದಿಂದ ಮುಚ್ಚಿಟ್ಟರೆ ಆ ಮದುವೆಯೇ ಅಸಿಂಧು ಎಂದು 1983ರ ಧರ್ಮಸಭೆಯ ಕಾನೂನು ಸಂಹಿತೆ 1098ನೇ ನಿಯಮದಲ್ಲಿ ಹೇಳುತ್ತದೆ. ಸಾವಿರ ಸುಳ್ಳಿನ ಮೇಲೆ ನಿಂತದ್ದು ಮದುವೆಯೂ ಅಲ್ಲ, ಉದ್ಯೋಗವೂ ಅಲ್ಲ.

ಇದನ್ನು ಹೇಳಲು ನಾನೇನೂ ಮೇಲಿನವನಲ್ಲ. ಸೆಮಿನರಿಗೆ ಸೇರುವಾಗ, ಗುರುವಾಗಬೇಕೆಂದು ಏಕೆ ಬಯಸುತ್ತೀ ಎಂದು ಕೇಳಿದ ವೃದ್ಧ ಗುರುಗಳಿಗೆ ಬಡವರ ಸೇವೆಯ ಬಗ್ಗೆ ಚೆಂದದ ಮಾತುಗಳನ್ನು ಒಪ್ಪಿಸಿದ್ದೆ. ಅವರು ನಕ್ಕು, "ಇದು ಯಾರ ಉತ್ತರ? ನಾಳೆ ನಿನ್ನದನ್ನು ತೆಗೆದುಕೊಂಡು ಬಾ" ಎಂದರು. ಮರುದಿನ ತಡವರಿಸುತ್ತಾ, "ಸರಿಯಾಗಿ ಗೊತ್ತಿಲ್ಲ ಫಾದರ್, ಹೆದರಿಕೆಯೂ ಆಗುತ್ತದೆ" ಎಂದೆ. ಅವರು ನನ್ನನ್ನು ಸೇರಿಸಿಕೊಂಡರು. ಆ ಎರಡನೆಯ ಉತ್ತರದ ಮೇಲೆ ಇಂದಿಗೂ ನಿಂತಿದ್ದೇನೆ.

ಹುಡುಗ ಆ ಸಂಜೆಯೇ ಅಪ್ಪನಿಗೆ ಹೇಳಿದನಂತೆ. ಅಪ್ಪ ಬಹಳ ಹೊತ್ತು ಏನೂ ಮಾತಾಡದೆ, ಕೊನೆಗೆ, "ಅಷ್ಟು ದಿನ ನೀನೊಬ್ಬನೇ ಹೊತ್ತುಕೊಂಡಿದ್ದೆಯಾ?" ಎಂದಷ್ಟೇ ಕೇಳಿದರಂತೆ. ಅರ್ಜಿಯ ಕಲಮಿನಲ್ಲಿ 'ಹೌದು' ಎಂದು ಬರೆದ. ಸಂದರ್ಶನದಲ್ಲಿ ಅದರ ಬಗ್ಗೆಯೇ ಕೇಳಿದರು. ಮಾಪಕದ ಮೇಲೆ ಕಣ್ಣಿಡದೆ ತನ್ನ ಅಂದಾಜನ್ನು ನಂಬಿದ್ದರಿಂದ ಹಾದಿ ತಪ್ಪಿದೆ, ಆಮೇಲೆ ಏನೇನು ಅಭ್ಯಾಸ ಮಾಡಿದೆ ಎಂಬುದನ್ನು ಇದ್ದದ್ದು ಇದ್ದಂತೆ ಹೇಳಿದ.

ಅವನಿಗೆ ಆ ಕೆಲಸ ಸಿಗಲಿಲ್ಲ. ಕಾರಣ ಅದೋ ಬೇರೆಯೋ, ಅವರು ತಿಳಿಸಲಿಲ್ಲ. ತಾಯಿ ಎರಡು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅದನ್ನೂ ಬರೆಯದಿದ್ದರೆ ಈ ಲೇಖನಕ್ಕೇ ಅರ್ಥವಿಲ್ಲ. ಸಾಲದ ಕಂತು ಇನ್ನೂ ಇದೆ. ಅಪ್ಪ-ಮಗ ಈಗ ತೋಟದ ಲೆಕ್ಕವನ್ನು ಒಟ್ಟಿಗೆ ಕುಳಿತು ಬರೆಯುತ್ತಾರೆ. ಇನ್ನೊಂದು ಸಂಸ್ಥೆಯಿಂದ ಸಂದರ್ಶನಕ್ಕೆ ಕರೆ ಬಂದಿದೆ.

ಈ ಸಲ ಪತ್ರ ಕೇಳಲು ಬಂದವನು ಹುಡುಗನೇ. ಹಳೆಯ ಮೂರು ಮಾತುಗಳನ್ನು ಬರೆಯಲು ನನಗೆ ಕೈ ಬರಲಿಲ್ಲ. ಬಹಳ ಹೊತ್ತು ಕುಳಿತು ಒಂದೇ ವಾಕ್ಯ ಬರೆದೆ: ಈ ಯುವಕ ತನಗೆ ನಷ್ಟವಾಗಬಹುದೆಂದು ತಿಳಿದೂ ತನ್ನ ಸೋಲನ್ನು ತಾನೇ ಹೇಳಿದ್ದನ್ನು ನಾನು ಬಲ್ಲೆ. ಕೆಳಗೆ ಸಹಿ ಹಾಕಿ ಸ್ಟ್ಯಾಂಪು ಒತ್ತಿದೆ.

ಪ್ರಿಯ ತಂದೆತಾಯಂದಿರೇ, ಈ ವಾರ ಒಂದು ಸಂಜೆ ಜಪಸರ ಮುಗಿದ ಮೇಲೆ, ಟಿ.ವಿ. ಹಾಕುವ ಮೊದಲು, ಮಕ್ಕಳ ಜೊತೆ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಅವರು ಸೋತದ್ದನ್ನು ಕೇಳುವ ಮೊದಲು ನೀವು ಸೋತದ್ದೊಂದನ್ನು ಹೇಳಿ. ಆಮೇಲೆ ಸುಮ್ಮನಿರಿ. ಅವರು ಹೇಳಲಿ, ಹೇಳದಿರಲಿ. ಈ ಮೇಜಿನ ಆಚೆ ಕುಳಿತವರು ಎಂಥವರೆಂಬುದು ಅವರಿಗೆ ತಿಳಿದಿರುತ್ತದೆ.